ಯಾಕೆ ಬೇಕು ಎಂದು ಕೇಳಬೇಡಿ, ಯಾವ ಸೈಜ್ ಬೇಕು ಎಂದು ಕೇಳಿ

ವಯಸ್ಕರ ಡೈಪರ್ ಕೊಳ್ಳುವುದಕ್ಕೆ ಇನ್ನು ಮುಂದೆ ಕಾಯಿಲೆಯ ಹೆಸರು ಹೇಳಬೇಕಂತೆ. ನಾನು ಬಹಳ ಕಾಲದಿಂದ ತರಿಸಿಕೊಳ್ಳುತ್ತಿರುವ ಮಾರಾಟಗಾರರೊಬ್ಬರು ಆರ್ಡರ್ ಮಾಡುವ ಕಡೆ ಹೊಸದಾಗಿ ಒಂದು ಪ್ರಶ್ನೆ ಸೇರಿಸಿದ್ದಾರೆ: ‘ಈ ಉತ್ಪನ್ನ ವೈದ್ಯಕೀಯ ಅಗತ್ಯಕ್ಕಾಗಿಯೇ?’ ಹೌದು ಎಂದರೆ ಯಾವ ಕಾಯಿಲೆ ಎಂದು ಬರೆಯಬೇಕು. ಇಲ್ಲ ಎಂದರೆ ಆರ್ಡರ್ ಮುಂದಕ್ಕೆ ಹೋಗುವುದಿಲ್ಲ. ಅದರ ಕೆಳಗೆ ವಿವರಣೆ ಬೇರೆ, ನಿಜವಾದ ಅಗತ್ಯವಿರುವವರಿಗೆ ಮಾತ್ರ ಸೇವೆ ಸಲ್ಲಿಸುವುದು ಅವರ ಧ್ಯೇಯವಂತೆ. ಬೆಳಿಗ್ಗೆ ಅದನ್ನು ಓದಿದಾಗಿನಿಂದ ಮೈ ಉರಿಯುತ್ತಿದೆ.

ನನ್ನ ಬೆನ್ನುಹುರಿಯ ಶಸ್ತ್ರಚಿಕಿತ್ಸೆ, ಆಮೇಲೆ ಮೂತ್ರಕೋಶ ಹತೋಟಿ ತಪ್ಪಿದ್ದು, ಇದೆಲ್ಲ ಇಲ್ಲಿರುವ ಹಳೆಯ ಸ್ನೇಹಿತರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ, ವೈದ್ಯರ ಚೀಟಿಯೂ ಇದೆ. ಯಾರ ಹಿತಕ್ಕಾಗಿ ಈ ನಿಯಮ ಮಾಡಿದ್ದೇವೆ ಎಂದು ಅವರು ಹೇಳಿಕೊಳ್ಳುತ್ತಿದ್ದಾರೋ ಆ ಗಿರಾಕಿ ನಾನೇ. ಅದಕ್ಕೇ ಹೇಳುತ್ತಿದ್ದೇನೆ: ನನ್ನ ಹೆಸರು ಹೇಳಿಕೊಂಡು ಇನ್ನೊಬ್ಬರನ್ನು ಬಾಗಿಲಲ್ಲಿ ತಡೆಯಬೇಡಿ.

ಅವರು ತಡೆಯಲು ಹೊರಟಿರುವುದು ಕಾಯಿಲೆ ಏನೂ ಇಲ್ಲದೆ, ಇಷ್ಟಪಟ್ಟು ಡೈಪರ್ ಧರಿಸುವ ವಯಸ್ಕರನ್ನು. ಅಂಥವರು ಇದ್ದಾರೆ. ಎಬಿಡಿಎಲ್ (ಅಡಲ್ಟ್ ಬೇಬಿ, ಡೈಪರ್ ಲವರ್) ಎಂದು ತಮ್ಮನ್ನು ಕರೆದುಕೊಳ್ಳುವವರು ಕೆಲವರು, ಯಾವ ಹೆಸರೂ ಬೇಡ ಎನ್ನುವವರು ಇನ್ನು ಕೆಲವರು. ಒಬ್ಬರಿಗೆ ದಿನದ ಒತ್ತಡ ಇಳಿಸುವ ದಾರಿ, ಇನ್ನೊಬ್ಬರಿಗೆ ನೆಮ್ಮದಿ, ಮತ್ತೊಬ್ಬರಿಗೆ ಅವರ ಖಾಸಗಿ ಬದುಕಿನ ಒಂದು ಭಾಗ. ಪ್ರಾಯಕ್ಕೆ ಬಂದವರು ತಮ್ಮ ದುಡ್ಡಿನಲ್ಲಿ ಕೊಂಡು, ತಮ್ಮ ಮನೆಯೊಳಗೆ, ಯಾರಿಗೂ ತೊಂದರೆ ಕೊಡದೆ ಮಾಡುವ ಕೆಲಸ. ನನಗೆ ಆ ಆಸೆ ಇಲ್ಲ. ನಾಳೆ ನನ್ನ ಮೂತ್ರಕೋಶ ಸರಿಯಾದರೆ ಮನೆಯಲ್ಲಿರುವ ಪ್ಯಾಕೆಟ್‌ಗಳನ್ನೆಲ್ಲ ಬೇಕಾದವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ. ಆದರೆ ಅವರು ಇಷ್ಟಪಟ್ಟು ಧರಿಸುವುದರಿಂದ ನನಗೆ ಆದ ನಷ್ಟವೇನು?

ನಷ್ಟವಾಗಿಲ್ಲ, ಲಾಭವೇ ಆಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಡೈಪರ್ ಹಾಕಿಕೊಳ್ಳದವರಿಗೆ ಎಲ್ಲ ಡೈಪರ್‌ಗಳೂ ಒಂದೇ.

ಕಳೆದ ಎರಡು ದಶಕಗಳಲ್ಲಿ ದೊಡ್ಡ ತಯಾರಕರು ಒಬ್ಬರ ಹಿಂದೆ ಒಬ್ಬರಂತೆ ಹೊರಮೈಯ ಪ್ಲಾಸ್ಟಿಕ್ ಹಾಳೆಯನ್ನು ಬಿಟ್ಟು ಬಟ್ಟೆಯಂಥ ಪದರಕ್ಕೆ ಬಂದರು. ಗಾಳಿಯಾಡುತ್ತದೆ, ಸದ್ದು ಬರುವುದಿಲ್ಲ, ಚರ್ಮಕ್ಕೆ ಒಳ್ಳೆಯದು ಎಂಬುದು ಅವರು ಕೊಟ್ಟ ಕಾರಣ. ಗಂಟೆಗಂಟೆಗೂ ಯಾರಾದರೂ ಬಂದು ಬದಲಿಸುವ ಆರೈಕೆ ಕೇಂದ್ರದ ಹಾಸಿಗೆಯಲ್ಲಿ ಅದು ನಿಜವೂ ಇರಬಹುದು. ಎದ್ದು ಓಡಾಡುವ, ಕಚೇರಿಯ ಕುರ್ಚಿಯಲ್ಲಿ ಕೂರುವ ನನ್ನಂಥವನ ಅನುಭವ ಬೇರೆ. ಬಟ್ಟೆಯಂಥ ಪದರದ ಮೇಲೆ ಟೇಪ್ ಒಮ್ಮೆ ಅಂಟಿಸಿ, ಸರಿಯಾಗಲಿಲ್ಲವೆಂದು ಕಿತ್ತರೆ ಪದರವೇ ನಾರುನಾರಾಗಿ ಎದ್ದು ಬರುತ್ತದೆ, ಎರಡನೆಯ ಸಲ ಅಂಟುವುದಿಲ್ಲ. ಬಹಳ ಹೊತ್ತು ಕೂತರೆ ಒಳಗಿನ ತೇವ ಹೊರಗೆ ತಣ್ಣಗೆ ತಟ್ಟುತ್ತದೆ, ಪ್ಯಾಂಟಿಗೂ ಇಳಿಯುತ್ತದೆ. ತೇವ ಹೀರುವ ಒಳಗಿನ ತಿರುಳು ಬಿಗಿಯಾಗಿ ನಿಲ್ಲದೆ, ಒದ್ದೆಯಾದ ಮೇಲೆ ನಡುವೆ ಹರಿದು ಉಂಡೆಕಟ್ಟಿ ಕಾಲಸಂದಿಗೆ ಜಾರುತ್ತದೆ. ಆ ಉಂಡೆಯನ್ನು ಹೊತ್ತುಕೊಂಡು ಸಭೆಯಿಂದ ಎದ್ದು ಹೊರಗೆ ನಡೆಯುವುದು ಹೇಗಿರುತ್ತದೆ ಎಂದು ನಡೆದವರಿಗೇ ಗೊತ್ತು. ಪ್ಲಾಸ್ಟಿಕ್ ಹೊರಮೈ ಇದ್ದರೆ ಟೇಪ್ ಬಿಚ್ಚಿ ಮತ್ತೆ ಅಂಟಿಸಬಹುದು, ತಿರುಳು ಬಿಗಿಯಾಗಿ ನಿಲ್ಲುತ್ತದೆ, ತೇವ ಹೊರಬರುವುದಿಲ್ಲ.

ಆ ಪ್ಲಾಸ್ಟಿಕ್ ಹೊರಮೈಯನ್ನು ಮತ್ತೆ ಮಾರುಕಟ್ಟೆಗೆ ತಂದವರು ಯಾರು? ಆಸ್ಪತ್ರೆಗಳಲ್ಲ, ವಿಮಾ ಕಂಪನಿಗಳಲ್ಲ. ಸಂಸ್ಥೆಗಳು ಟೆಂಡರಿನಲ್ಲಿ ಅಗ್ಗದ್ದನ್ನು ಹುಡುಕುತ್ತವೆ, ಅದು ಸೋರಿದರೆ ಒದ್ದೆಯಾಗುವುದು ಟೆಂಡರ್ ಬರೆದವರ ಬಟ್ಟೆಯಲ್ಲ. ಇಷ್ಟಪಟ್ಟು ಧರಿಸುವ ಈ ಹವ್ಯಾಸಿಗಳು ಹಾಗಲ್ಲ. ಸ್ವಂತ ಹಣ ಕೊಡುತ್ತಾರೆ, ಕೊಂಡದ್ದನ್ನು ಸ್ವತಃ ಧರಿಸುತ್ತಾರೆ, ಚೆನ್ನಾಗಿಲ್ಲದಿದ್ದರೆ ಸುಮ್ಮನಿರುವುದಿಲ್ಲ. ದಪ್ಪ ತಿರುಳು, ಗಟ್ಟಿ ಟೇಪ್, ಪ್ಲಾಸ್ಟಿಕ್ ಹೊರಮೈ, ಬಿಡಿಯಾಗಿ ಕೊಳ್ಳಬಹುದಾದ ಸ್ಯಾಂಪಲ್, ಹೊರಗೆ ಏನೂ ಬರೆಯದ ಪೆಟ್ಟಿಗೆ, ಇವೆಲ್ಲವನ್ನೂ ಪಟ್ಟುಹಿಡಿದು ಕೇಳುವವರಲ್ಲಿ ಅವರು ಮುಂದಿದ್ದಾರೆ. ಅವರಿಗಾಗಿಯೇ ಹುಟ್ಟಿದ ಸಣ್ಣ ಕಂಪನಿಗಳ ಡೈಪರನ್ನು ಕಟ್ಟಿಕೊಂಡು ನಾನು ರಾತ್ರಿಯಿಡೀ ನಿದ್ದೆ ಮಾಡುತ್ತೇನೆ. ಅದರ ಮೇಲೆ ಚಿತ್ರ ಇದ್ದರೆ ಇರಲಿ, ನನ್ನ ಹಾಸಿಗೆ ಒಣಗಿರುತ್ತದೆ.

ಹೀರುವ ಪ್ರಮಾಣದ ವಿಷಯದಲ್ಲೂ ಅಷ್ಟೇ. ಪ್ಯಾಕೆಟ್ ಮೇಲೆ ಇಷ್ಟು ಲೀಟರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಅಂಕಿ ಬರುವುದು ಸಾಮಾನ್ಯವಾಗಿ ಐಎಸ್‌ಒ 11948-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಿಂದ. ಉಪ್ಪಿನ ದ್ರಾವಣದಲ್ಲಿ ಡೈಪರನ್ನು ಪೂರ್ತಿ ಮುಳುಗಿಸಿ, ಮೇಲೆತ್ತಿ, ನೀರು ಬಸಿದ ಮೇಲೆ ತೂಗಿ ನೋಡುವ ವಿಧಾನ ಅದು. ಮೈಮೇಲೆ ಕಟ್ಟಿಕೊಂಡು, ಕೂತು, ಮಗ್ಗುಲು ಬದಲಿಸಿದಾಗ ಯಾವಾಗ ಸೋರುತ್ತದೆ ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ನಿಜವಾಗಿ ಸೋರತೊಡಗುವುದು ಆ ಅಂಕಿಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ. ಇನ್ನು ಮನೆಯಲ್ಲಿ ಬರೀ ನೀರು ಸುರಿದು ನೋಡುವವರು ಬೇರೆಯೇ ರೀತಿ ಮೋಸ ಹೋಗುತ್ತಾರೆ. ಒಳಗಿರುವ ಹೀರುಪುಡಿ, ಅಂದರೆ ಸೋಡಿಯಂ ಪಾಲಿಅಕ್ರಿಲೇಟ್, ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪು ಬೆರೆತ ಮೂತ್ರವನ್ನು ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ. ಇದನ್ನು ನನಗೆ ಯಾವ ಆಸ್ಪತ್ರೆಯೂ ಹೇಳಲಿಲ್ಲ. ಕೂತು, ಮಲಗಿ, ನಿಂತು, ಅಳತೆಯ ಪಾತ್ರೆ ಹಿಡಿದು ಪರೀಕ್ಷಿಸಿ, ಫಲಿತಾಂಶವನ್ನು ಯಾರು ಬೇಕಾದರೂ ನೋಡಲಿ ಎಂದು ಬರೆದಿಟ್ಟ ಹವ್ಯಾಸಿಗಳಿಂದ ಕಲಿತೆ. ನನ್ನನ್ನು ಶಸ್ತ್ರಚಿಕಿತ್ಸೆಯ ಬಳಿಕ ಮನೆಗೆ ಕಳಿಸಿದಾಗ ಕೈಗೆ ಕೊಟ್ಟದ್ದು ಒಂದು ತೆಳು ಪ್ಯಾಡಿನ ಪ್ಯಾಕೆಟ್ ಮತ್ತು ‘ಅಭ್ಯಾಸವಾಗುತ್ತದೆ’ ಎಂಬ ಮಾತು.

ಇಂಥವರನ್ನು ಹೊರಗಟ್ಟಿ ನನ್ನನ್ನು ಕಾಪಾಡುತ್ತಾರಂತೆ.

ಸರಿ, ಆ ಪ್ರಶ್ನೆಯಿಂದ ಹವ್ಯಾಸಿ ಸಿಕ್ಕಿಬೀಳುತ್ತಾನೆಯೇ? ಎಲ್ಲಿಂದ ಬೀಳುತ್ತಾನೆ! ಅವನು ‘ಹೌದು’ ಎಂದು ಒತ್ತಿ, ಯಾವುದೋ ಕಾಯಿಲೆಯ ಹೆಸರು ಬರೆದು ಮುಂದೆ ಹೋಗುತ್ತಾನೆ. ಸಿಕ್ಕಿಬೀಳುವವಳು ಹೆರಿಗೆಯಾದ ಮೇಲೆ ಸೋರಿಕೆ ಶುರುವಾಗಿ, ಯಾರಿಗೂ ಹೇಳಲಾರದೆ, ಗಂಡನಿಗೂ ಹೇಳದೆ ಮೊದಲ ಸಲ ಒಂದು ಪ್ಯಾಕೆಟ್ ತರಿಸಿಕೊಳ್ಳಲು ಹೊರಟ ಹೆಂಗಸು. ಅವಳ ಬಳಿ ಕಾಯಿಲೆಯ ಹೆಸರೇ ಇಲ್ಲ, ವೈದ್ಯರ ಹತ್ತಿರ ಹೋಗಿದ್ದರಲ್ಲವೇ ಇರುವುದು? ಸಿಕ್ಕಿಬೀಳುವವನು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆಗಿ ತಲೆತಗ್ಗಿಸಿ ಕೂತಿರುವ ಗಂಡಸು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರಗಳ ಕಾಯಿಲೆ ಇರುವ, ನೋಡುವುದಕ್ಕೆ ಗಟ್ಟಿಮುಟ್ಟಾಗಿರುವ ಯುವಕ. ವಯಸ್ಸಾದವರಿಗೆ ಮಾತ್ರ ಡೈಪರ್ ಎಂದು ತಿಳಿದಿರುವವರ ಕಣ್ಣಿಗೆ ಚಿಕ್ಕ ವಯಸ್ಸಿನ ರೋಗಿ ಯಾವಾಗಲೂ ಅನುಮಾನದ ವ್ಯಕ್ತಿಯೇ. ಮೂತ್ರ ಸೋರಿಕೆ ಇರುವವರು ನಾಚಿಕೆಯಿಂದ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ, ಅದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಅವರು ಧೈರ್ಯ ಮಾಡಿ ಬಂದ ಮೊದಲ ಬಾಗಿಲಲ್ಲೇ ‘ನಿನಗೆ ನಿಜವಾಗಿ ಬೇಕೇ?’ ಎಂದು ಕೇಳಿದರೆ ಅವರು ಹಿಂದಿರುಗಿ ಹೋಗಿ ಹಳೆಯ ಬಟ್ಟೆ ಮಡಿಸಿ ಇಟ್ಟುಕೊಳ್ಳುತ್ತಾರೆ. ಚರ್ಮ ಬೆಂದು ಹುಣ್ಣಾಗುವವರೆಗೂ.

ನಿಮಗೆ ಇದುವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ. ಬಹಳ ಕಾಲ ನಾನು ಫೋನಿನಲ್ಲಿ ಆರ್ಡರ್ ಕೊಡುವಾಗ ‘ಅಪ್ಪನಿಗೆ ಬೇಕಾಗಿತ್ತು’ ಎನ್ನುತ್ತಿದ್ದೆ. ಆ ಕಡೆಯ ಹೆಣ್ಣುಮಗಳು ಸೊಂಟದ ಸುತ್ತಳತೆ ಕೇಳಿದರೆ ನನ್ನದನ್ನೇ ಹೇಳುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೂ ಹಾಗೇ ಹೇಳುತ್ತಿದ್ದೆ. ಒಂದು ಸಲ ಆಕೆ ‘ಅಪ್ಪ ಈಗ ಹೇಗಿದ್ದಾರೆ ಸರ್?’ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಚೆನ್ನಾಗಿದ್ದಾರೆ ಎಂದು ಹೇಳಿ ಫೋನಿಟ್ಟು ಬಹಳ ಹೊತ್ತು ಅತ್ತೆ. ಕೇವಲ ಸೈಜ್ ಕೇಳುವ ಜಾಗದಲ್ಲೇ ಸತ್ಯ ಹೇಳಲಾಗದಷ್ಟು ನಾಚಿಕೆ ಇರುವ ಜನ ನಾವು. ನಮ್ಮನ್ನು ಕಾರಣ ಬೇರೆ ಕೇಳುತ್ತೀರಾ?

ಇದಕ್ಕೆ ಮಾರಾಟಗಾರರ ಕಡೆಯಿಂದ ಒಂದು ಉತ್ತರ ಬರುತ್ತದೆ, ಅದನ್ನು ಕೇಳಿದ್ದೇನೆ. ಕೆಲವರು ಫೋನ್ ಮಾಡಿ, ಗಿರಾಕಿಯ ಸೋಗಿನಲ್ಲಿ, ಸಿಬ್ಬಂದಿಯ ಬಾಯಿಂದ ಬೇಡದ ಮಾತುಗಳನ್ನು ಹೊರಡಿಸಲು ನೋಡುತ್ತಾರಂತೆ. ಅಂಥವರು ಇದ್ದಾರೆ ಎಂಬುದನ್ನು ನಾನು ನಂಬುತ್ತೇನೆ. ಅದು ಕಿರುಕುಳ, ಅದರಲ್ಲಿ ಎರಡು ಮಾತಿಲ್ಲ. ಕೆಲಸಕ್ಕೆ ಕೂತ ಹೆಣ್ಣುಮಗಳು ಒಪ್ಪಿಗೆ ಕೊಡದ ಆಟದೊಳಗೆ ಅವಳನ್ನು ಎಳೆಯುವ ಹಕ್ಕು ಯಾವ ಗಿರಾಕಿಗೂ ಇಲ್ಲ. ಅಂಥವನ ಫೋನ್ ಕತ್ತರಿಸಿ, ನಂಬರ್ ತಡೆಹಿಡಿಯಿರಿ, ಇನ್ನು ಮಾರುವುದಿಲ್ಲ ಎಂದು ಮುಖಕ್ಕೆ ಹೇಳಿ. ಆದರೆ ಅದು ನಡತೆಯ ಪ್ರಶ್ನೆ, ಕಾರಣದ ಪ್ರಶ್ನೆಯಲ್ಲ. ಕಾಯಿಲೆ ಇರುವವನೂ ಫೋನಿನಲ್ಲಿ ಕೆಟ್ಟದಾಗಿ ಮಾತಾಡಬಲ್ಲ. ಆರ್ಡರ್ ಪುಟದ ಆ ಪ್ರಶ್ನೆ ಇವರಿಬ್ಬರಲ್ಲಿ ಯಾರನ್ನೂ ತಡೆಯುವುದಿಲ್ಲ. ಸಿಬ್ಬಂದಿಯ ಮಾನ ಉಳಿಸುವ ಮನಸ್ಸಿದ್ದರೆ ಫೋನ್ ಇಡುವ ಅಧಿಕಾರವನ್ನು ಅವರಿಗೇ ಕೊಡಿ.

‘ರೋಗಿಗಳಿಗೆ ಸಿಗಬೇಕಾದ ಸರಕು ಖಾಲಿಯಾಗುತ್ತದೆ’ ಎನ್ನುವುದು ಎರಡನೆಯ ವಾದ. ಇದರಲ್ಲಿ ಹುರುಳಿಲ್ಲ. ಕಾರ್ಖಾನೆ ಒಂದು ಮಾದರಿಯನ್ನು ತಯಾರಿಸಬೇಕಾದರೆ ಇಷ್ಟು ಪ್ರಮಾಣದ ಬೇಡಿಕೆ ಇರಲೇಬೇಕು. ಕೊಳ್ಳುವವರು ಹೆಚ್ಚಿದಷ್ಟೂ ಮಾದರಿ ಉಳಿಯುತ್ತದೆ. ಬೇಡಿಕೆ ಎಲ್ಲಿದೆಯೋ ಅಲ್ಲಿಗೆ ಕಾರ್ಖಾನೆ ತಿರುಗುತ್ತದೆ: ಜಪಾನಿನ ಓಜಿ ಹೋಲ್ಡಿಂಗ್ಸ್ 2024ರಲ್ಲಿ ತನ್ನ ದೇಶದ ಮಾರುಕಟ್ಟೆಗೆ ಶಿಶುಗಳ ಡೈಪರ್ ತಯಾರಿಸುವುದನ್ನೇ ನಿಲ್ಲಿಸಿ ವಯಸ್ಕರ ಡೈಪರ್ ಕಡೆ ಗಮನ ಕೊಡುವುದಾಗಿ ಪ್ರಕಟಿಸಿತು. ಸರ್ಕಾರ ಅಥವಾ ವಿಮೆ ಹಣ ಕೊಡುವಲ್ಲಿ ಕಾರಣ ಕೇಳಲಿ, ಕೇಳಲೇಬೇಕು, ಅದು ಎಲ್ಲರ ಹಣ. ನಾನು ಸ್ವಂತ ಹಣ ಕೊಟ್ಟು ಕೊಳ್ಳುವಲ್ಲಿ ಮಾರುವವನಿಗೆ ಆ ಅಧಿಕಾರ ಎಲ್ಲಿಂದ ಬಂತು? ಓಟದ ಬೂಟು ಕೇಳಿದವನನ್ನು ‘ನೀನು ಓಡುತ್ತೀಯಾ, ಪುರಾವೆ ತೋರಿಸು’ ಎಂದು ಯಾರೂ ಕೇಳುವುದಿಲ್ಲ. ಗಗನಯಾತ್ರಿಗಳು ಬಾಹ್ಯಾಕಾಶ ನಡಿಗೆಯ ಪೋಷಾಕಿನೊಳಗೆ ಹೀರುವ ಒಳಉಡುಪು ಧರಿಸುತ್ತಾರಲ್ಲ, ಅವರಿಗೇನು ಕಾಯಿಲೆ?

2016ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮೌಂಟ್ ಪ್ರಾಸ್ಪೆಕ್ಟ್ ಎಂಬ ಊರಿನಲ್ಲಿ ಟೈಕಬಲ್ಸ್ ಎಂಬ ಕಂಪನಿ ಇಷ್ಟಪಟ್ಟು ಧರಿಸುವ ಗಿರಾಕಿಗಳಿಗಾಗಿಯೇ ಅಂಗಡಿ ತೆರೆದಾಗ ಊರಿನ ಕೆಲವರು ದೊಡ್ಡ ಗಲಾಟೆ ಮಾಡಿದರು. ವಯಸ್ಕರಿಗೆ ಡೈಪರ್ ಮಾರುವ ಅಂಗಡಿ ನಿಯಮ ಮೀರಿಲ್ಲ ಎಂದು ಸ್ಥಳೀಯ ಆಡಳಿತವೇ ಹೇಳಬೇಕಾಯಿತು. ಕಾನೂನು ಕೇಳದ ಪ್ರಶ್ನೆಯನ್ನು ನನ್ನ ಮಾರಾಟಗಾರ ಕೇಳುತ್ತಿದ್ದಾನೆ ಎಂಬುದೇ ನನ್ನ ದೂರು.

ಹೀಗೆ ಕೇಳದೆ ವ್ಯಾಪಾರ ಮಾಡುವವರೂ ಇದ್ದಾರೆ. ಕೆನಡಾದ ರಿಯರ್ಜ್ ಚಿತ್ರವಿರುವ ಡೈಪರನ್ನೂ ಸಾದಾ ಡೈಪರನ್ನೂ ಒಂದೇ ಕಡೆ ಮಾರುತ್ತದೆ. ಅಮೆರಿಕದ ನಾರ್ತ್‌ಶೋರ್ ಕಂಪನಿಯ ಮೆಗಾಮ್ಯಾಕ್ಸ್ ಮೂತ್ರ ಸೋರಿಕೆ ಇರುವವರಿಗಾಗಿಯೇ ಮಾಡಿದ ಡೈಪರ್. ಅದು ಬಿಳಿಯಲ್ಲದೆ ಬೇರೆ ಬಣ್ಣಗಳಲ್ಲೂ ಸಿಗುತ್ತದೆ. ಆಸ್ಪತ್ರೆಯ ಬಿಳಿಯನ್ನು ನೋಡಿ ನೋಡಿ ಬೇಸತ್ತ ರೋಗಿಗೆ ಒಂದು ಬಣ್ಣ ಬೇಕೆನಿಸಿದರೆ ಅವನನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಕಾಯಿಲೆಯಿಂದ ಶುರುವಾಗಿ ಆಮೇಲೆ ಅದರಲ್ಲೇ ಒಂದಿಷ್ಟು ಸಮಾಧಾನ ಕಂಡುಕೊಂಡವರೂ ಇದ್ದಾರೆ. ಇಷ್ಟಪಟ್ಟು ಧರಿಸುತ್ತಿದ್ದವರಿಗೆ ವಯಸ್ಸಾದ ಮೇಲೆ ನಿಜವಾಗಿ ಬೇಕಾಗುತ್ತದೆ. ಆ ಗೆರೆ ಎಳೆಯಲು ಹೊರಟವರು ಪ್ರತಿಯೊಬ್ಬರ ಮಲಗುವ ಕೋಣೆಗೂ ಬರಬೇಕಾಗುತ್ತದೆ.

ನಾನು ಆ ಮಾರಾಟಗಾರರಿಗೆ ಕಾಗದ ಬರೆದಿದ್ದೇನೆ. ಪ್ರಶ್ನೆಯನ್ನು ತೆಗೆಯಿರಿ, ತೆಗೆಯುವವರೆಗೆ ನನ್ನ ಆರ್ಡರ್ ಇಲ್ಲ ಎಂದು ನನ್ನ ಹೆಸರು ಹಾಕಿಯೇ ಬರೆದಿದ್ದೇನೆ, ಅಪ್ಪನ ನೆಪ ಹೇಳದೆ. ಸುತ್ತಳತೆ ಕೇಳಿ, ಹಗಲಿಗೋ ರಾತ್ರಿಗೋ ಎಂದು ಕೇಳಿ, ನಡೆದಾಡುತ್ತೀರಾ ಮಲಗಿರುತ್ತೀರಾ ಎಂದು ಕೇಳಿ, ಇವು ಸರಿಯಾದ ಸರಕು ಕೊಡಲು ಬೇಕಾದ ಪ್ರಶ್ನೆಗಳು ಎಂದೂ ಸೇರಿಸಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ, ನಿಮಗೋ ನಿಮ್ಮ ಮನೆಯವರಿಗೋ, ಯಾವ ಸೈಜ್ ತರಿಸಬೇಕು, ರಾತ್ರಿಗೆ ಯಾವುದು ತಡೆಯುತ್ತದೆ, ಚರ್ಮ ಕೆಂಪಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂದು ತಿಳಿಯಬೇಕಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಗೊತ್ತಿದ್ದಷ್ಟು ಹೇಳುತ್ತೇನೆ. ಕಾಗದಕ್ಕೆ ಉತ್ತರ ಬಂದರೆ ಅದನ್ನೂ ಇಲ್ಲಿ ಹಾಕುತ್ತೇನೆ.