ಸೂತಕ ಸಿಗದವರ ದುಃಖ

ಕೊನೇ ಅಧ್ಯಾಯದವರೆಗೂ ಗುಟ್ಟನ್ನು ಮುಚ್ಚಿಟ್ಟು, ಆಮೇಲೆ ಪಟಾಕಿ ಹಚ್ಚಿದ ಹಾಗೆ ಸಿಡಿಸುವ ಕಾದಂಬರಿಗಳು ನನಗೆ ಸೇರುವುದಿಲ್ಲ. ಗಂಡನಿಗೆ ಇನ್ನೊಂದು ಸಂಬಂಧ ಇತ್ತು. ತಂಗಿ ಅಂದುಕೊಂಡವಳು ಮಗಳಾಗಿದ್ದಳು. ತೀರಿಕೊಂಡ ಅಜ್ಜನಿಗೆ ಬೇರೆ ಊರಲ್ಲಿ ಇನ್ನೊಂದು ಮನೆ ಇತ್ತು. ಮುನ್ನೂರು ಪುಟ ಕಾಯಿಸಿ ಇಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ಓದಿದವರಿಗೆ ಸಿಕ್ಕಿದ್ದೇನು?

ಸಂಸಾರದ ಗುಟ್ಟು ಯಾರಿಗೂ ಗೊತ್ತಿರುವುದಿಲ್ಲ ಅಂತ ಇಂಥ ಲೇಖಕರು ನಂಬಿದ ಹಾಗೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ಒಪ್ಪುವುದು ಕಷ್ಟ. ಅಂಕೋಲೆ, ಕುಮಟೆ, ಕಾರವಾರದಿಂದ ತಲೆಮಾರುಗಟ್ಟಲೆ ಗಂಡಸರು ದುಡಿಯೋಕೆ ಮುಂಬಯಿಗೆ ಹೋದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದೇ 1998ರಲ್ಲಿ. ಅದಕ್ಕೂ ಮೊದಲು ಹೋದವರು ಊರಿಗೆ ಬರುತ್ತಿದ್ದದ್ದು ಚೌತಿಗೋ, ಮದುವೆ ಮುಂಜಿಗೋ. ಉಳಿದಂತೆ ಬರುತ್ತಿದ್ದದ್ದು ಮನಿಆರ್ಡರ್. ಅಷ್ಟು ದೂರದಲ್ಲಿ, ಅಷ್ಟು ವರ್ಷ ಒಬ್ಬರೇ ಇದ್ದವರಲ್ಲಿ ಕೆಲವರು ಅಲ್ಲೂ ಒಂದು ಸಂಸಾರ ಹೂಡಿದರು. ಈ ಸಂಗತಿ ಪೋಸ್ಟ್‌ಮನ್‌ಗೆ ಗೊತ್ತು, ಮೀನು ತರುವವಳಿಗೆ ಗೊತ್ತು, ಹೆಂಡತಿಗಂತೂ ಗೊತ್ತೇ ಗೊತ್ತು. ಮಕ್ಕಳಿಗೆ ಗೊತ್ತಿದೆ ಅನ್ನುವುದೂ ಅವಳಿಗೆ ಗೊತ್ತು. ಆದರೆ ಆ ಮನೆಯಲ್ಲಿ ಮಾತು ಅದರ ಹತ್ತಿರ ಬಂದರೆ ಸಾಕು, ಯಾರಾದರೊಬ್ಬರು ಚಹಾ ಇಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾರೆ.

ಕಾದಂಬರಿ ನೋಡಬೇಕಾದದ್ದು ಹಾಗೆ ಎದ್ದು ಹೋದವರನ್ನು. ಗೊತ್ತಿದ್ದೂ ಇಪ್ಪತ್ತು ಮೂವತ್ತು ವರ್ಷ ಅದೇ ಮನೆಯಲ್ಲಿ ಹೇಗೆ ಬದುಕಿದರು, ಅದನ್ನು ಹೇಳಲಿ. ಗುಟ್ಟನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೂ ನಡೆಯುತ್ತದೆ.

ಸಾವು ಬಂದಾಗ ಇದು ಇನ್ನೂ ಗಟ್ಟಿಯಾಗಿ ಕಾಣುತ್ತದೆ. ನಮ್ಮಲ್ಲಿ ಸೂತಕಕ್ಕೆ ಲೆಕ್ಕ ಇದೆ. ಹುಬ್ಬಳ್ಳಿಯಲ್ಲಿರುವ ದಾಯಾದಿ, ಗದ್ದೆಯ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವನು, ಅವನಿಗೂ ಹತ್ತು ದಿನ ಸೂತಕ. ಸತ್ತವನ ಜೊತೆ ಹದಿನೈದು ವರ್ಷ ಉಂಡು ಮಲಗಿ, ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟವಳಿಗೆ ಒಂದು ದಿನವೂ ಇಲ್ಲ.

ಅಂಥ ಒಬ್ಬರನ್ನು ನಾನು ನೋಡಿದ್ದೇನೆ. ಅಂಕೋಲೆ ಕಡೆಯ ಒಂದು ಸಾವಿನ ಮನೆ. ಮೂರನೇ ದಿನವೋ ನಾಲ್ಕನೇ ದಿನವೋ ಒಬ್ಬ ಹೆಂಗಸು ಬಂದು ದಣಪೆಯ, ಅಂದರೆ ಬೇಲಿಬಾಗಿಲಿನ, ಆಚೆ ನಿಂತರು. ವಯಸ್ಸಾದವರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಜಗಲಿಯ ಮೇಲಿದ್ದ ಗಂಡಸರೆಲ್ಲ ಒಮ್ಮೆಗೇ ಅಡಿಕೆ ಹೋಳು ಮಾಡುವುದರಲ್ಲಿ ಮುಳುಗಿದರು. ಒಬ್ಬರೂ ತಲೆ ಎತ್ತಲಿಲ್ಲ. ಕೊನೆಗೆ ಸತ್ತವರ ಹೆಂಡತಿಯೇ ಒಳಗಿಂದ, "ಯಾರದು ಬಿಸಿಲಲ್ಲಿ ನಿಂತದ್ದು? ಒಂದು ಚೊಂಬು ನೀರಾದರೂ ಕೊಡಿ" ಅಂದರು. ಸೊಸೆ ನೀರು ತೆಗೆದುಕೊಂಡು ಹೋದಳು. ಆ ಹೆಂಗಸು ಕುಡಿದರು. ಚೀಲವನ್ನು ಅವಳ ಕೈಗೆ ಕೊಟ್ಟರು. ಅದರಲ್ಲಿ ಸತ್ತವರ ಕನ್ನಡಕ, ಎರಡು ಅಂಗಿ, ಬಿಪಿ ಮಾತ್ರೆಯ ಚೀಟಿ ಇದ್ದವು. ಬಸ್ಸಿಗೆ ಹೊತ್ತಾಯಿತು ಅಂತ ಹೇಳಿ ಹೊರಟರು.

ಒಳಗಿದ್ದವರಿಗೆ ಯಾರು ಬಂದಿದ್ದಾರೆ ಅಂತ ಗೊತ್ತಿತ್ತು. ಆ ಕರೆಯಲ್ಲಿ ಎಷ್ಟು ಸಿಟ್ಟು ಇತ್ತು, ಎಷ್ಟು ಕರುಣೆ ಇತ್ತು, ಈಗಲೂ ಬಿಡಿಸಿ ಹೇಳಲು ನನಗೆ ಆಗುವುದಿಲ್ಲ. ಹೆಂಡತಿಗೆ ಅಳುವುದಕ್ಕೆ ಜಾಗ ಇತ್ತು, ನಿಜ. ಸಿಟ್ಟಿಗೆ ಜಾಗ ಎಲ್ಲಿತ್ತು? ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಹತ್ತು ದಿನವೂ ಬಂದವರೆಲ್ಲ "ದೇವರಂಥ ಮನುಷ್ಯ" ಅಂತ ಹೇಳುತ್ತಾ ಹೋದರು. ಹೆಂಡತಿ ಹೌದು ಹೌದು ಅಂತ ತಲೆ ಆಡಿಸುತ್ತಾ ಕೂತಿದ್ದರು. ಇದನ್ನು ಬರೆಯುವುದಕ್ಕೆ ಕಾದಂಬರಿಯೇ ಬೇಕು. ಪುರೋಹಿತರ ಹತ್ತಿರ ಇದಕ್ಕೆ ಮಂತ್ರ ಇಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ನಡೆಯುವುದು ಬೆಂಗಳೂರಲ್ಲಿ. ಆದರೂ ಅದನ್ನು ಓದುವಾಗ ನನಗೆ ಕಂಡದ್ದು ಆ ದಣಪೆಯೇ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವಾದದ್ದನ್ನು ಮಾಡಿ ತಂದಿರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದ ಹಾಗೆ ಬೈದು ಅವಳನ್ನು ಅಟ್ಟುತ್ತಾರೆ. ಕಥೆ ಹೇಳುವವನೂ ಅವಳ ಪರ ಒಂದು ಮಾತು ಆಡುವುದಿಲ್ಲ. ಚಿಕ್ಕಪ್ಪನ ದುಡಿಮೆಯಿಂದಲೇ ಆ ಮನೆ ನಡೆಯುತ್ತಿದೆ, ಆದ್ದರಿಂದ ಅವನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಗುಟ್ಟು ಕಾಯುವುದು ಮಾನಕ್ಕಾಗಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಕಡೆ ಅನ್ನಕ್ಕಾಗಿಯೂ ಕಾಯುತ್ತಾರೆ. ನಮ್ಮ ಮನಿಆರ್ಡರ್ ಸಂಸಾರಗಳದ್ದೂ ಅದೇ ಕಥೆ ಅಲ್ವಾ?

ಇನ್ನೊಂದು ಟಾಗೋರರದ್ದು. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, 1880ರ ದಶಕದಲ್ಲಿ, ಯುವಕ ರವೀಂದ್ರರು ಬಂದು ಉಳಿದಿದ್ದರು. ಬೀಚಿನ ಮಾತು ಬಂದಾಗಲೆಲ್ಲ ಇಷ್ಟು ಹೇಳಿ ನಿಲ್ಲಿಸುತ್ತೇವೆ. 1901ರಲ್ಲಿ ಅವರು ಬರೆದ 'ನಷ್ಟನೀಡ' ಓದಿದವರು ಬೀಚಿನಲ್ಲಿ ವಾಕಿಂಗ್ ಮಾಡುವವರಲ್ಲಿ ಎಷ್ಟಿದ್ದಾರೋ. ಅದು ಕಿರು ಕಾದಂಬರಿ, ಒಂದು ಸಂಜೆಗೆ ಮುಗಿಯುತ್ತದೆ. ಗಂಡ ಪತ್ರಿಕೆಯ ಕೆಲಸದಲ್ಲಿ ಮುಳುಗಿದ್ದಾನೆ. ಹೆಂಡತಿ ಚಾರು ಅವನ ತಮ್ಮನ ವರಸೆಯ ಅಮಲನನ್ನು ಹಚ್ಚಿಕೊಳ್ಳುತ್ತಾಳೆ. ಅವನು ಮದುವೆಯಾಗಿ ವಿಲಾಯತಿಗೆ ಹೊರಟುಹೋಗುತ್ತಾನೆ. ಯಾರೂ ಸತ್ತಿಲ್ಲ, ಆದರೆ ಆ ಮನೆಯೊಳಗೆ ಅವಳು ಸೂತಕ ಹಿಡಿದವಳ ಹಾಗೆಯೇ ಇರುತ್ತಾಳೆ, ಹೇಳಿಕೊಳ್ಳುವ ಹಾಗಿಲ್ಲ. ಯಾರಿಗೂ ತಿಳಿಯದ ಹಾಗೆ ತನ್ನ ಒಡವೆ ಅಡವಿಟ್ಟು ಅವನಿಗೆ ತಂತಿ ಕಳಿಸುತ್ತಾಳೆ. ಗಂಡನಿಗೆ ವಿಷಯ ತಿಳಿಯುವುದು ಆ ತಂತಿಯಿಂದ. ಹಾಸಿಗೆ ಇಲ್ಲ, ಮುತ್ತಿಲ್ಲ. ಒಂದು ತಂತಿ, ಅಷ್ಟೇ. ಅಲ್ಲಿಂದ ಮುಂದೆ ಟಾಗೋರರು ಗಂಡನ ದುಃಖವನ್ನೂ ಅಷ್ಟೇ ಪ್ರೀತಿಯಿಂದ ನೋಡುತ್ತಾರೆ. ಅವನನ್ನು ಪೆದ್ದನನ್ನಾಗಿ ಮಾಡುವುದಿಲ್ಲ.

ಕೊನೆಗೆ ಗುಟ್ಟು ಒಡೆದರೂ ಗೆಲ್ಲುವ ಕಾದಂಬರಿ ಇಲ್ಲವೇ ಅಂತ ಕೇಳಬಹುದು. ಇದೆ. ಭೈರಪ್ಪನವರ 'ವಂಶವೃಕ್ಷ'. ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸತ್ಯ ಗೊತ್ತಾಗುವುದು ಇಳಿವಯಸ್ಸಿನಲ್ಲಿ. ಅಲ್ಲಿ ಬೆಚ್ಚಿಬೀಳುವುದು ನಮಗಿಂತ ಜಾಸ್ತಿ ಅವರು. ಯಾವ ವಂಶದ ಹೆಸರಲ್ಲಿ ಸೊಸೆಯ ಬದುಕನ್ನು ಅಳೆದಿದ್ದರೋ ಆ ವಂಶವೇ ತಮ್ಮದಲ್ಲ. ತಿಳಿದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದಕ್ಕೆ ಕಾದಂಬರಿ ಜಾಗ ಕೊಡುತ್ತದೆ. ಅದಕ್ಕೇ ಅದು ನಿಲ್ಲುತ್ತದೆ.

ಇಂಥ ಪುಸ್ತಕಗಳು ದಾರಿ ತಪ್ಪಿಸುತ್ತವೆ, ಮನೆ ಮುರಿಯುತ್ತವೆ ಅಂತ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ತ್ರಿವೇಣಿಯವರ 'ಶರಪಂಜರ'ವನ್ನು ಸರಿಯಾಗಿ ಓದಲಿ. ಮದುವೆಗೆ ಮುಂಚಿನ ಒಂದು ತಪ್ಪಿಗೆ ಕಾವೇರಿ ಕೊಡುವ ಬೆಲೆ ಎಷ್ಟು, ಮದುವೆಯಾದ ಮೇಲೆ ಗಂಡ ಮಾಡಿದ್ದಕ್ಕೆ ಅವನು ಕೊಡುವ ಬೆಲೆ ಎಷ್ಟು, ನೋಡಲಿ. ಆ ಮನೆ ಮುರಿದದ್ದು ಪುಸ್ತಕದಿಂದಲ್ಲ.

ನಮ್ಮ ಕಡಲಬದಿಯ ಕಾದಂಬರಿಯೊಂದಕ್ಕೆ ನಾನು ಕಾಯುತ್ತಿದ್ದೇನೆ. ಅದರಲ್ಲಿ ಊರಿನ ಹೆಂಡತಿ ಇರಲಿ, ಮುಂಬಯಿಯವಳೂ ಇರಲಿ, ಇಬ್ಬರಿಗೂ ಪೂರ್ತಿ ಬಾಯಿ ಇರಲಿ. ಯಾರು ಸರಿ ಅಂತ ತೀರ್ಪು ಕೊಡುವ ಅವಸರ ಬೇಡ. ಕೊಂಕಣಿಯಲ್ಲಿ ಬಂದಿದ್ದರೂ ಸರಿ, ಹವ್ಯಕ ಕನ್ನಡದಲ್ಲಿ ಬಂದಿದ್ದರೂ ಸರಿ, ಯಾರಾದರೂ ಓದಿದ್ದರೆ ಹೆಸರು ಹೇಳಿ. ತರಿಸಿಕೊಂಡು ಓದುತ್ತೇನೆ.