ಮದ್ದು ಒಗ್ಗದ ಪಗ್, ಬರೆದಿಡದ ತೂಕ

ಲಸಿಕೆ ಹಾಕಿಸಿದ ಸಂಜೆ ಪಗ್ ನಾಯಿಯ ಮುಖ ಊದಿಕೊಂಡಿತು ಎನ್ನಿ. ನಾನಿರುವ ಬ್ರಿಟನ್‌ನಲ್ಲಿ ಅದನ್ನು ಪಶು ಔಷಧಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ವೆಟರ್ನರಿ ಮೆಡಿಸಿನ್ಸ್ ಡೈರೆಕ್ಟರೇಟ್‌ಗೆ ಪಶುವೈದ್ಯರೂ ಬರೆಯಬಹುದು, ನಾಯಿ ಸಾಕಿದವರೂ ನೇರವಾಗಿ ಬರೆಯಬಹುದು. ಭಾರತದಲ್ಲಿ, ನಮ್ಮ ಕಡೆ, ಅದೇ ಊತ ಬಾಯಿಂದ ಬಾಯಿಗೆ ಹೋಗುತ್ತದೆ: "ಆ ಇಂಜೆಕ್ಷನ್ ನಮ್ಮ ಪಗ್‌ಗೆ ಒಗ್ಗಲಿಲ್ಲ." ಯಾವ ಇಂಜೆಕ್ಷನ್, ಯಾವ ಬ್ಯಾಚ್, ನಾಯಿ ಎಷ್ಟು ಕೆಜಿ ಇತ್ತು, ಎಷ್ಟು ಹೊತ್ತಿನ ಮೇಲೆ ಊದಿತು ಎಂದು ಮುಂದಿನ ವಾರ ಕೇಳಿದರೆ ಹೇಳುವವರಿಲ್ಲ.

ಹಾಗೆಂದು ಇಲ್ಲಿಯದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ವರದಿ ಇಲ್ಲದಿದ್ದರೆ ತೊಂದರೆಯೂ ಇಲ್ಲ ಎಂದು ಅಲ್ಲಿಯವರು ತಿಳಿಯುತ್ತಾರೆ. ವರದಿ ಇದ್ದರೆ ಮದ್ದೇ ಕಾರಣ ಎಂದು ಇಲ್ಲಿ ಎಷ್ಟೋ ಜನ ತೀರ್ಮಾನಿಸಿಬಿಡುತ್ತಾರೆ. ಎರಡೂ ತಪ್ಪು. ಎರಡರಿಂದಲೂ ಪೆಟ್ಟು ತಿನ್ನುವುದು ಏಳು ಕೆಜಿಯ ನಾಯಿ.

ಸಣ್ಣ ನಾಯಿಯ ವಿಷಯವನ್ನು ಬೇರೆಯಾಗಿಯೇ ಏಕೆ ನೋಡಬೇಕು ಎಂಬುದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ಲಸಿಕೆ ದಾಖಲೆ ಜಾಲಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿದ ಮೂರು ದಿನಗಳೊಳಗೆ 10,000 ನಾಯಿಗಳಲ್ಲಿ ಸುಮಾರು 38ಕ್ಕೆ ಏನಾದರೊಂದು ತೊಂದರೆ ಕಂಡಿತ್ತು. ತೂಕ ಇಳಿದಂತೆ ಅಪಾಯ ಏರುತ್ತಿತ್ತು. ಒಂದೇ ಭೇಟಿಯಲ್ಲಿ ಲಸಿಕೆ ಒಂದೊಂದು ಹೆಚ್ಚಿದಂತೆ 10 ಕೆಜಿವರೆಗಿನ ನಾಯಿಗಳಲ್ಲಿ ಅಪಾಯ ಶೇ. 27ರಷ್ಟು ಹೆಚ್ಚಿತು, ಅದಕ್ಕಿಂತ ದೊಡ್ಡ ನಾಯಿಗಳಲ್ಲಿ ಶೇ. 12ರಷ್ಟು. ಹೆಚ್ಚು ಅಪಾಯದ ತಳಿಗಳಲ್ಲಿ ಡ್ಯಾಶ್‌ಹಂಡ್, ಬೋಸ್ಟನ್ ಟೆರಿಯರ್, ಮಿನಿಯೇಚರ್ ಪಿನ್ಷರ್, ಚಿವಾವಾ ಜೊತೆಗೆ ಪಗ್ ಕೂಡ ಇತ್ತು.

ಇದನ್ನು ಓದಿದ ಕೂಡಲೇ "ಹಾಗಾದರೆ ಅರ್ಧ ಡೋಸ್ ಹಾಕಿಸೋಣ" ಎನ್ನುವವರು ಬ್ರಿಟನ್, ಭಾರತ ಎರಡರಲ್ಲೂ ಇದ್ದಾರೆ. ಅದು ಬೇಡ. ಲಸಿಕೆಯ ಪ್ರಮಾಣ ತೂಕದ ಮೇಲೆ ನಿಂತಿಲ್ಲ. ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಲು ಬೇಕಾದ ಕನಿಷ್ಠ ಪ್ರಮಾಣ ಅದು. ಅರ್ಧ ಹಾಕಿದರೆ ರಕ್ಷಣೆ ಹೋಗಬಹುದು, ಅಲರ್ಜಿ ಮಾತ್ರ ಉಳಿಯಬಹುದು. ಸರಿಯಾದ ದಾರಿ ಲಸಿಕೆಗಳನ್ನು ಬಿಡಿಸಿ ಹಾಕಿಸುವುದು. ರೇಬೀಸ್ ಒಂದು ದಿನ, ಇಲಿಜ್ವರದ ಲಸಿಕೆ ಎರಡರಿಂದ ನಾಲ್ಕು ವಾರ ಬಿಟ್ಟು. ಹೀಗೆ ಮಾಡಿದರೆ ತೊಂದರೆ ಬಂದರೂ ಯಾವುದರಿಂದ ಎಂಬುದು ತಿಳಿಯುತ್ತದೆ. ಎಲ್ಲವನ್ನೂ ಒಂದೇ ದಿನ ಚುಚ್ಚಿಸಿ ಮುಖ ಊದಿಸಿಕೊಂಡು ಬಂದ ನಾಯಿಯ ವರದಿಯಿಂದ ಮುಂದಿನ ವರ್ಷದ ತೀರ್ಮಾನಕ್ಕೆ ಏನೂ ಸಿಗುವುದಿಲ್ಲ. ರೇಬೀಸ್ ಲಸಿಕೆಯನ್ನೇ ತಪ್ಪಿಸುವ ಯೋಚನೆಯನ್ನಂತೂ ಯಾರೂ ಮಾಡಬಾರದು.

ಪಗ್‌ನ ಮುಖ ಊದಿದರೆ ಅದು ಬೇರೆ ನಾಯಿಯ ಊತದಂತಲ್ಲ. ಮೊದಲೇ ಕಿರಿದಾದ ಮೂಗು, ಉದ್ದನೆಯ ಅಂಗುಳ. ಅದರ ಮೇಲೆ ಊತ ಬಂದರೆ ಉಸಿರಿನ ದಾರಿ ಬೇಗ ಮುಚ್ಚುತ್ತದೆ. ಲಸಿಕೆಯ ನಂತರ ಅರ್ಧ ಗಂಟೆ ಆಸ್ಪತ್ರೆಯ ಹತ್ತಿರವೇ ಇರುವುದು ಇದಕ್ಕೆ. ಇನ್ನೊಂದು ಮಾತು: ತೀವ್ರ ಅಲರ್ಜಿಯಲ್ಲಿ ನಾಯಿಗೆ ಮೊದಲು ಏದುಸಿರೇ ಬರಬೇಕೆಂದಿಲ್ಲ. ನಾಯಿಯಲ್ಲಿ ಪೆಟ್ಟು ಮುಖ್ಯವಾಗಿ ಬೀಳುವುದು ಯಕೃತ್ತು ಮತ್ತು ಕರುಳಿನ ಕಡೆಗೆ. ಹಾಗಾಗಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ವಾಂತಿ, ಭೇದಿ, ಬಿಳಿಚಿದ ವಸಡು, ಕಾಲು ಕುಸಿಯುವುದು ಕಂಡರೆ "ಕಾರಿನಲ್ಲಿ ಬಂದದ್ದಕ್ಕೆ ವಾಂತಿ" ಎಂದು ಸುಮ್ಮನಾಗದೆ ಅಲ್ಲಿಂದಲೇ ಒಳಗೆ ಹಿಂದಿರುಗಬೇಕು. ಗಂಧೆ ಮತ್ತು ಮುಖದ ಊತ ಮಾತ್ರ ಕೆಲವು ಗಂಟೆಗಳ ನಂತರವೂ ಬರಬಹುದು. ಹಾಗಾಗಿ ಬೆಳಿಗ್ಗೆ ಹಾಕಿಸುವುದು ಒಳ್ಳೆಯದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಊದಿದರೆ ನೋಡುವವರಿರುವುದಿಲ್ಲ.

ಇನ್ನು ಚಿಗಟ, ಉಣ್ಣೆಯ ಮಾತ್ರೆಗಳ ವಿಷಯ. ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಗದ್ದಲ ಎದ್ದಿರುವುದು ಇವುಗಳ ಸುತ್ತ. ಫ್ಲುರಲಾನರ್, ಅಫೋಕ್ಸೊಲಾನರ್, ಸರೊಲಾನರ್, ಲೊಟಿಲಾನರ್ ಎಲ್ಲವೂ ಒಂದೇ ಗುಂಪಿನವು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ಸ್ನಾಯು ನಡುಕ, ನಡೆ ತಪ್ಪುವುದು, ಸೆಳವು (ಫಿಟ್ಸ್) ಕಾಣಬಹುದೆಂದು ಎಚ್ಚರಿಸಿತು. ಅದೇ ಪ್ರಕಟಣೆಯಲ್ಲಿ, ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತವೆಂದೂ ಹೇಳಿತು. ಮೊದಲ ಭಾಗ ಹರಡಿದಷ್ಟು ಎರಡನೆಯದು ಹರಡಲಿಲ್ಲ.

ಪಗ್ ಸಾಕಿದವರು ಇಲ್ಲಿ ಎರಡು ಸಂಗತಿ ತಿಳಿದಿರಬೇಕು. ಒಂದು, ತೂಕದ ಪಟ್ಟಿ. ಫ್ಲುರಲಾನರ್‌ನ 250 ಮಿಲಿಗ್ರಾಂ ಮಾತ್ರೆ 4.5 ಕೆಜಿಗಿಂತ ಮೇಲೆ, 10 ಕೆಜಿವರೆಗಿನ ನಾಯಿಗೆ. 4.6 ಕೆಜಿಯ ನಾಯಿಗೆ ಅದು ಕೆಜಿಗೆ 54 ಮಿಲಿಗ್ರಾಂ ಆಗುತ್ತದೆ, 10 ಕೆಜಿಯದಕ್ಕೆ 25. ಎರಡೂ ತಯಾರಕರು ಒಪ್ಪಿದ ಮಿತಿಯೊಳಗೇ ಇವೆ, ಆದರೆ ಎರಡರ ನಡುವೆ ದುಪ್ಪಟ್ಟಿಗೂ ಮೀರಿದ ಅಂತರವಿದೆ. ಪಗ್‌ನ ತೂಕ ಬ್ರಿಟನ್ನಿನ ಕೆನಲ್ ಕ್ಲಬ್ ಮಾನದಂಡದ ಪ್ರಕಾರ 6.3ರಿಂದ 8.1 ಕೆಜಿ; ಅಂದರೆ ಅದು ಪಟ್ಟಿಯ ನಡುವೆಯೇ ಬರುತ್ತದೆ. ಕೊಬ್ಬಿ 10.5 ಕೆಜಿ ಆದ ಪಗ್ ಮುಂದಿನ 500 ಮಿಲಿಗ್ರಾಂ ಮಾತ್ರೆಗೆ ಜಿಗಿಯುತ್ತದೆ, ಕೆಜಿಗೆ ಸುಮಾರು 48. ವರದಿಯಲ್ಲಿ ಬರೀ "ಒಂದು ಮಾತ್ರೆ" ಎಂದು ಬರೆದರೆ ಈ ವ್ಯತ್ಯಾಸ ಪೂರ್ತಿ ಮರೆಯಾಗುತ್ತದೆ.

ಎರಡು, ಪಗ್‌ಗೆ ತನ್ನದೇ ಒಂದು ಮಿದುಳಿನ ಉರಿಯೂತವಿದೆ. ಸಾಮಾನ್ಯವಾಗಿ ಎಳೆ ಪ್ರಾಯದಲ್ಲೇ ಶುರುವಾಗುವ, ವಂಶದಲ್ಲಿ ಬರುವ, ಸೆಳವಿನಿಂದಲೇ ಮೊದಲು ಗೊತ್ತಾಗುವ ಕಾಯಿಲೆ. ಎರಡು ವರ್ಷದ ಪಗ್ ಮಾತ್ರೆ ತಿಂದ ಹತ್ತನೆಯ ದಿನ ಸೆಳವು ಬಂದು ಬಿದ್ದರೆ, ಅದು ಮಾತ್ರೆಯೋ ಈ ಕಾಯಿಲೆಯೋ ಹೊರಗಿನಿಂದ ನೋಡಿ ಹೇಳಲಾಗದು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿದೆಯೇ ಎಂದು ತಿಳಿಯಲು ಎಂಆರ್‌ಐ, ಬೆನ್ನುಹುರಿ ದ್ರವದ ಪರೀಕ್ಷೆ ಬೇಕು. ಸೆಳವುಗಳ ದಿನಾಂಕವೂ ಬೇಕು. ಮಾತ್ರೆಗೆ ಮುಂಚೆ ನಾಯಿ ಒಂದೇ ದಿಕ್ಕಿಗೆ ಸುತ್ತುತ್ತಿತ್ತೇ, ಗೋಡೆಗೆ ತಲೆ ಒತ್ತುತ್ತಿತ್ತೇ, ಕರೆದರೆ ತಡವಾಗಿ ತಿರುಗುತ್ತಿತ್ತೇ ಎಂಬುದನ್ನು ಮನೆಯವರು ನೆನಪು ಮಾಡಿಕೊಂಡು ಬರೆಯಬೇಕು. ಕಾರಣ ಮಾತ್ರೆ ಎಂದು ಮುಚ್ಚಿದ ಕಡತದಲ್ಲಿ ಎಷ್ಟೋ ಸಲ ಚಿಕಿತ್ಸೆ ಬೇಕಿದ್ದ ಉರಿಯೂತ ಉಳಿದುಹೋಗಿರುತ್ತದೆ. ನನ್ನ ಆತಂಕ ಹೆಚ್ಚು ಇರುವುದು ಇಲ್ಲೇ.

ಫ್ಲುರಲಾನರ್ ಮಾತ್ರೆಯ ಕೆಲಸ ಸುಮಾರು ಹನ್ನೆರಡು ವಾರ ಇರುತ್ತದೆ. ತೊಂದರೆಯಾದರೆ ಮದ್ದು ನಿಲ್ಲಿಸಿ ನೋಡೋಣ ಎನ್ನಲು ದಾರಿಯಿಲ್ಲ, ಒಳಗೆ ಹೋದದ್ದು ಹೋಯಿತು. ಸೆಳವಿನ ಇತಿಹಾಸವಿರುವ ಪಗ್‌ಗೆ ಈ ಗುಂಪನ್ನೇ ಬಿಟ್ಟು ಬೇರೆ ಉಪಾಯ ಕೇಳಬೇಕು. ಇತಿಹಾಸ ಗೊತ್ತಿಲ್ಲದ, ಬೇರೆ ಮನೆಯಿಂದ ಬಂದ ಎಳೆ ಪಗ್‌ಗೆ ಮೊದಲ ಸಲ ಕೊಡುವಾಗ ಒಂದು ತಿಂಗಳಷ್ಟೇ ಕೆಲಸ ಮಾಡುವ ಮಾತ್ರೆ ಕೊಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ತೊಂದರೆಯ ಸ್ವರೂಪ ಬೇರೆ. ಅಲ್ಲಿ ಕಜ್ಜಿಗೆ ಇಂದಿಗೂ ದನಕ್ಕೆಂದು ಮಾಡಿದ ಶೇ. 1ರ ಐವರ್ಮೆಕ್ಟಿನ್ ಚುಚ್ಚುಮದ್ದು ನಾಯಿಗಳಿಗೂ ಬಳಕೆಯಾಗುತ್ತದೆ. ಶೇ. 1 ಎಂದರೆ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ. 7 ಕೆಜಿ ಪಗ್‌ಗೆ ಕೆಜಿಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ 1.4 ಮಿಲಿಗ್ರಾಂ, ಅಂದರೆ 0.14 ಮಿಲಿಲೀಟರ್. 5 ಮಿಲಿಲೀಟರ್ ಸಿರಿಂಜ್‌ನಲ್ಲಿ ಈ ಅಳತೆಯನ್ನು ಕಣ್ಣಿನಲ್ಲಿ ಹಿಡಿಯಲಾಗದು, 0.01ರ ಗೆರೆಗಳಿರುವ 1 ಮಿಲಿಲೀಟರ್ ಸಿರಿಂಜ್ ಬೇಕು. ಇನ್ಸುಲಿನ್ ಸಿರಿಂಜ್ ಹಿಡಿದರೆ ಇನ್ನೊಂದು ಗುಂಡಿ: 40 ಯೂನಿಟ್‌ನ ಸಿರಿಂಜ್‌ನಲ್ಲಿ 0.14 ಎಂದರೆ ಐದೂವರೆ ಗೆರೆ ದಾಟಿ ಸ್ವಲ್ಪ, 100 ಯೂನಿಟ್‌ನದರಲ್ಲಿ 14 ಗೆರೆ. ಒಂದರ ಲೆಕ್ಕ ಇನ್ನೊಂದರಲ್ಲಿ ಹಾಕಿದರೆ ಎರಡೂವರೆ ಪಟ್ಟು ಹೋಗುತ್ತದೆ. ದಶಮಾಂಶ ಒಂದು ಸ್ಥಾನ ಸರಿದು 1.4 ಮಿಲಿಲೀಟರ್ ಹೋದರೆ ಕೆಜಿಗೆ 2 ಮಿಲಿಗ್ರಾಂ. ಕಣ್ಣಿನ ಪಾಪೆ ಹಿಗ್ಗುವುದು, ಜೊಲ್ಲು, ತೂರಾಟ, ಕುರುಡಾದಂತೆ ಗೋಡೆಗೆ ಡಿಕ್ಕಿ ಹೊಡೆಯುವುದು ಈ ಮದ್ದು ಮಿದುಳಿಗೆ ಏರಿದಾಗಿನ ಲಕ್ಷಣ.

ಕಾಲಿ ಎಂಬ ಕುರಿ ಕಾಯುವ ನಾಯಿಯಂಥ ತಳಿಗಳ ಅನೇಕ ನಾಯಿಗಳಲ್ಲಿ ಐವರ್ಮೆಕ್ಟಿನ್‌ಗೆ ಮಿದುಳಿನ ತಡೆಗೋಡೆ ಹುಟ್ಟಿನಿಂದಲೇ ದುರ್ಬಲ, ಕೆಜಿಗೆ 0.1 ಮಿಲಿಗ್ರಾಂ ಸುತ್ತಮುತ್ತಲೇ ತೊಂದರೆ ಶುರುವಾಗುತ್ತದೆ. ಪಗ್ ಆ ಸಾಲಿನ ತಳಿಯಲ್ಲ, ಆದರೆ ಮಿಶ್ರ ತಳಿಯ ಮರಿಯಲ್ಲಿ ಏನಿದೆಯೋ ಯಾರು ಕಂಡರು? ಚಿಗಟಕ್ಕೆಂದು ಸ್ಪಿನೋಸಾಡ್ ಮಾತ್ರೆ ತಿಂದ ನಾಯಿಗೆ ಕಜ್ಜಿಯ ಪ್ರಮಾಣದ ಐವರ್ಮೆಕ್ಟಿನ್ ಕೊಟ್ಟರೆ ಯಾವ ತಳಿಯಲ್ಲೂ ವಿಷವೇರಬಹುದು. ಹಾಗಾಗಿ ಹಿಂದಿನ ತಿಂಗಳು ಚಿಗಟಕ್ಕೆ ಏನು ಕೊಟ್ಟಿದ್ದಿರಿ ಎಂಬುದನ್ನು ಪಶುವೈದ್ಯರು ಕೇಳದಿದ್ದರೂ ನೀವೇ ಹೇಳಿ.

ನೋವಿನ ಮಾತ್ರೆಯ ವಿಷಯವೂ ಇದೇ ಲೆಕ್ಕದ್ದು. ನಾಯಿಗೆ ಮೆಲೋಕ್ಸಿಕ್ಯಾಮ್ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ 0.1. ಮನುಷ್ಯರ 15 ಮಿಲಿಗ್ರಾಂ ಮಾತ್ರೆ ಒಂದನ್ನು 7 ಕೆಜಿ ಪಗ್‌ಗೆ ಕೊಟ್ಟರೆ ಮೊದಲ ದಿನದ ಪ್ರಮಾಣದ ಹತ್ತು ಪಟ್ಟಿಗೂ ಹೆಚ್ಚು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಲೇಬಾರದು. ಪ್ರಮಾಣ ಸರಿಯಿದ್ದರೂ ತುರಿಕೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನಡೆಯುತ್ತಿರುವಾಗ ಕುಂಟಿಗೆಂದು ಮೆಲೋಕ್ಸಿಕ್ಯಾಮ್ ಸೇರಿದರೆ ಜಠರದಲ್ಲಿ ಹುಣ್ಣಾಗಬಹುದು, ಕೆಲವೊಮ್ಮೆ ತೂತೇ ಬೀಳುತ್ತದೆ. ಟಾರಿನಂಥ ಕಪ್ಪು ಮಲ ಅದರ ಗುರುತು. ಪಗ್‌ಗೆ ಚರ್ಮದ ಕಾಟ ಹೆಚ್ಚು, ಸ್ಟಿರಾಯ್ಡ್ ಹೆಚ್ಚು ಬಳಕೆಯಾಗುತ್ತದೆ. ಆದ್ದರಿಂದ ಈ ಜೋಡಿ ಇದರಲ್ಲಿ ಸುಲಭವಾಗಿ ಆಗಿಬಿಡುತ್ತದೆ. ವರದಿಯಲ್ಲಿ ಕೊನೆಯ ಮದ್ದಿನ ಹೆಸರು ಮಾತ್ರ ಬರೆದರೆ ಅಪವಾದ ಮೆಲೋಕ್ಸಿಕ್ಯಾಮ್ ಒಂದರ ಮೇಲೆ ಬೀಳುತ್ತದೆ, ನಿಜವಾದ ಕಾರಣವಾದ ಜೋಡಿ ಎಲ್ಲೂ ಕಾಣುವುದಿಲ್ಲ.

ಬರೆಯುವ ಬಾಗಿಲು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಲಸಿಕೆ, ಮಾತ್ರೆ, ಬೆನ್ನಿಗೆ ಹಚ್ಚುವ ಹನಿಮದ್ದು ಎಲ್ಲಕ್ಕೂ ಒಂದೇ ಕಡೆ. ಅಮೆರಿಕದಲ್ಲಿ ಮಾತ್ರೆಗೆ ಎಫ್‌ಡಿಎ, ಲಸಿಕೆಗೆ ಕೃಷಿ ಇಲಾಖೆ, ಕೀಟನಾಶಕವೆಂದು ನೋಂದಾಯಿಸಿದ ಹನಿಮದ್ದಿಗೆ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಯಾವುದಕ್ಕೆ ಎಲ್ಲಿ ಎಂದು ಗೊತ್ತಿಲ್ಲದೆ ಬರೆಯುವುದನ್ನೇ ಬಿಟ್ಟವರುಂಟು. ಆದರೂ ಆ ವರದಿಗಳು ಕೆಲಸ ಮಾಡಿವೆ. ಹನಿಮದ್ದುಗಳ ಬಗ್ಗೆ ದೂರು ಏರಿದ್ದರಿಂದ 2009ರಲ್ಲಿ ಇಪಿಎ ಪರಿಶೀಲನೆಗೆ ಇಳಿಯಿತು. ಕೆಲವು ಉತ್ಪನ್ನಗಳಿಂದ ಸಣ್ಣ ತಳಿಗಳಿಗೇ ಹೆಚ್ಚು ತೊಂದರೆ ಎಂದು ಕಂಡು, ತೂಕದ ಪಟ್ಟಿಯನ್ನು ಇನ್ನೂ ಕಿರಿದಾಗಿ ವಿಂಗಡಿಸುವ ಮಾತು 2010ರಲ್ಲಿ ಬಂತು. ಭಾರತದಲ್ಲಿ ಮನುಷ್ಯರ ಔಷಧಿಗಳಿಗೆ 2010ರಿಂದ, ಅಡ್ಡಪರಿಣಾಮಗಳನ್ನು ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಸಾಕುನಾಯಿಯ ವಿಷಯದಲ್ಲಿ ಮನೆಯವರೇ ಬರೆದು ಕಳಿಸುವ ರೂಢಿ ಹಾಗೆ ಬೇರೂರಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ರಣಹದ್ದುಗಳನ್ನು ಕೊಲ್ಲುತ್ತಿದೆ ಎಂದು ತಿಳಿದು 2006ರಲ್ಲಿ ಅದನ್ನು ಪಶುಗಳಿಗೆ ನಿಷೇಧಿಸಿದ ದೇಶ ನಮ್ಮದು. ಪಶುಗಳ ಮದ್ದಿನ ಕೇಡನ್ನು ಲೆಕ್ಕ ಹಿಡಿದು ನೋಡುವುದು ನಮಗೆ ಹೊಸದೇನಲ್ಲ. ಬಾಗಿಲು ಕಾಣದಿದ್ದಾಗ ಪಶುವೈದ್ಯರ ಮೂಲಕ ತಯಾರಕರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಒಂದು ವರದಿ ವರದಿ ಎನಿಸಿಕೊಳ್ಳಲು ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನಾಲ್ಕು ಬೇಕು: ಬರೆದವರು, ಪ್ರಾಣಿ, ಮದ್ದು, ಆದ ತೊಂದರೆ. ಅದು ಕನಿಷ್ಠ. ಉಪಯೋಗಕ್ಕೆ ಬರಬೇಕಾದರೆ ಆ ದಿನವೇ ತೂಗಿದ ತೂಕ, ಮಿಲಿಗ್ರಾಂನಲ್ಲಿ ಪ್ರಮಾಣ, ಬ್ಯಾಚ್ ನಂಬರ್, ಕೊಟ್ಟ ಹೊತ್ತು, ತೊಂದರೆ ಶುರುವಾದ ಹೊತ್ತು, ಹಿಂದಿನ ಒಂದು ತಿಂಗಳಲ್ಲಿ ಕೊಟ್ಟದ್ದೆಲ್ಲ, ಕೊನೆಗೆ ನಾಯಿ ಹುಷಾರಾಯಿತೇ ಇಲ್ಲವೇ ಎಂಬುದೂ ಬೇಕು. ತೂಗಲು ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು ನಿಮ್ಮ ತೂಕ ಕಳೆದರೆ ಅರ್ಧ ಕೆಜಿ ಹೆಚ್ಚುಕಡಿಮೆ ಬರಬಹುದು. 7 ಕೆಜಿಯಲ್ಲಿ ಅದು ಶೇ. 7, ಕೂಸುಗಳ ತಕ್ಕಡಿ ಸಿಕ್ಕರೆ ಅದೇ ಮೇಲು. ಲಸಿಕೆ ಬಾಟಲಿಯ ಚೀಟಿಯನ್ನು ಪುಸ್ತಕದಲ್ಲಿ ಅಂಟಿಸುವ ಒಳ್ಳೆಯ ಅಭ್ಯಾಸ ಬ್ರಿಟನ್, ಭಾರತ ಎರಡರಲ್ಲೂ ಇದೆ. ಮಾತ್ರೆಗೆ ಅದಿಲ್ಲ. ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಬ್ಯಾಚ್ ನಂಬರ್ ಇರುವ ಅಂಚು ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿಸುವ ಮುಂಚೆ ಇಡೀ ಸ್ಟ್ರಿಪ್‌ನ ಫೋಟೊ ತೆಗೆದುಕೊಳ್ಳಿ.

ತಳಿಯ ಹೆಸರನ್ನೂ ಕಂಡಂತೆ ಬರೆಯಬೇಕು. ನಮ್ಮ ಕಡೆ 9 ಕೆಜಿಯ ಬಿಳಿ ಸ್ಪಿಟ್ಜ್ ನಾಯಿಯನ್ನೂ ಪಾಮೇರಿಯನ್ ಎನ್ನುತ್ತಾರೆ. ನಿಜವಾದ ಪಾಮೇರಿಯನ್ ಅದರ ಮೂರನೇ ಒಂದು ಪಾಲೂ ತೂಗುವುದು ಕಷ್ಟ. ಚಪ್ಪಟೆ ಮೂಗಿನದೆಲ್ಲ ಪಗ್ ಅಲ್ಲ. ಖಾತ್ರಿಯಿಲ್ಲದಿದ್ದರೆ "ಮಿಶ್ರ ತಳಿ, 8.2 ಕೆಜಿ, ಚಪ್ಪಟೆ ಮುಖ" ಎಂದು ಬರೆದರೆ ಸಾಕು.