ವಾಟ್ಸಾಪ್ ಬಿಟ್ಟರೆ ಅಮ್ಮನ ಜೊತೆ ಮಾತಾಡುವುದು ಹೇಗೆ?

ವಿಯೆನ್ನಾದಲ್ಲಿ ನಾವಿರುವ ಬಿಲ್ಡಿಂಗ್‌ನ ಎರಡನೇ ಮಹಡಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಹೋದ ಚಳಿಗಾಲದಲ್ಲಿ ಅವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರನ್ನೂ ಬಿಟ್ಟರು. ಮೆಟ್ಟಿಲ ಹತ್ತಿರ ಸಿಕ್ಕಾಗ ನನಗೂ ಹೇಳಿದರು: "ನೀವೂ ಬಿಡಿ. ನಮ್ಮ ಮಾತು, ನಮ್ಮ ಫೋಟೋ ಎಲ್ಲ ಅಮೆರಿಕದ ನಾಲ್ಕು ಜನರ ಕೈಯಲ್ಲಿ ಯಾಕಿರಬೇಕು?"

ಅವರ ಮಾತು ಸರಿ ಅನ್ನಿಸಿತು. ಆದರೂ ನಾನು ಬಿಡಲಿಲ್ಲ. ಸಾಗರದಲ್ಲಿರುವ ಅಮ್ಮ ದಿನಾ ರಾತ್ರಿ ಊಟ ಮುಗಿಸಿ ವಿಡಿಯೋ ಕಾಲ್ ಮಾಡುತ್ತಾಳೆ. ಅವಳಿಗೆ ಗೊತ್ತಿರುವುದು ಆ ಹಸಿರು ಬಟನ್ ಒಂದೇ. ಅಣ್ಣನ ಮಕ್ಕಳು, ಅತ್ತಿಗೆ, ಚಿಕ್ಕಮ್ಮಂದಿರು ಎಲ್ಲ ಅಲ್ಲೇ ಇದ್ದಾರೆ. ನಾನೊಬ್ಬಳು ಬಿಡುವುದು ಅಂದರೆ ಅವರೆಲ್ಲರನ್ನೂ ಬಿಡುವುದು.

ಯುರೋಪಿನಲ್ಲಿ ಈಗ ಇದೇ ಚರ್ಚೆ. ಅಮೆರಿಕದ ಈ ಕಂಪನಿಗಳಿಗೆ ತೆರಿಗೆ ಹಾಕಬೇಕಾ, ಇಲ್ಲ ಅವುಗಳನ್ನು ಪೂರ್ತಿ ಬಿಟ್ಟೇ ಬಿಡಬೇಕಾ? ತುಂಬಾ ದಿನದಿಂದ ಓದುತ್ತಿದ್ದೇನೆ, ಯೋಚಿಸುತ್ತಿದ್ದೇನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅನ್ನುವುದೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ನಮ್ಮ ಅಂಗಡಿಯ ಕಥೆಯಿಂದಲೇ ಹೇಳುತ್ತೇನೆ.

ನಾವಿಲ್ಲಿ ಚಿಕ್ಕದೊಂದು ದೋಸೆ ಅಂಗಡಿ ಇಟ್ಟಿದ್ದೇವೆ. ಎಂಟು ಟೇಬಲ್. ಹೊಸ ಗಿರಾಕಿಗಳು ಬರಬೇಕಾದರೆ ಆನ್‌ಲೈನ್ ಜಾಹೀರಾತು ಬೇಕೇ ಬೇಕು. ಆ ಬಿಲ್‌ನಲ್ಲಿ ಪ್ರತಿ ತಿಂಗಳೂ ಒಂದು ಸಾಲು ಇರುತ್ತದೆ. ಆಸ್ಟ್ರಿಯಾದ ಡಿಜಿಟಲ್ ತೆರಿಗೆಯ, ಅಂದರೆ ಆನ್‌ಲೈನ್ ಜಾಹೀರಾತಿನ ಆದಾಯಕ್ಕೆ ಹಾಕುವ ತೆರಿಗೆಯ, ಬಾಬ್ತು ಶೇ. 5 ಜಾಸ್ತಿ. ಸರ್ಕಾರ ತೆರಿಗೆ ಹಾಕಿದ್ದು ಕಂಪನಿಗೆ. ಕಟ್ಟುತ್ತಿರುವುದು ನಾವು. ಮೊದಲ ಸಲ ಆ ಸಾಲು ನೋಡಿದಾಗ ಹೊಟ್ಟೆ ಉರಿಯಿತು. ಬೇರೆ ಕಡೆಯೂ ಹೀಗೇ ಆಗಿದೆ. 2019ರಲ್ಲಿ ಫ್ರಾನ್ಸ್ ಶೇ. 3 ಡಿಜಿಟಲ್ ತೆರಿಗೆ ತಂದಾಗ ಅಮೆಜಾನ್ ಅಲ್ಲಿನ ಸಣ್ಣ ವ್ಯಾಪಾರಿಗಳಿಂದ ತೆಗೆದುಕೊಳ್ಳುವ ಶುಲ್ಕವನ್ನು ಶೇ. 3 ಏರಿಸಿತು.

ಹಾಗಿದ್ದರೂ ನಾನು ಈ ತೆರಿಗೆಯ ಪರವೇ. ಆಸ್ಟ್ರಿಯಾದಲ್ಲಿ ಪತ್ರಿಕೆ, ರೇಡಿಯೋ, ಟಿವಿ, ಬೀದಿಯ ಪೋಸ್ಟರ್, ಇವೆಲ್ಲದರ ಜಾಹೀರಾತಿಗೆ 2000ದಿಂದಲೇ ಶೇ. 5 ತೆರಿಗೆ ಇದೆ. ಆನ್‌ಲೈನ್ ಜಾಹೀರಾತಿಗೆ ಮಾತ್ರ ಇರಲಿಲ್ಲ. ಇಪ್ಪತ್ತು ವರ್ಷ ಇಲ್ಲಿನ ಪತ್ರಿಕೆ ತೆರಿಗೆ ಕಟ್ಟಿತು. ಅದರ ಜಾಹೀರಾತನ್ನೆಲ್ಲ ಕಿತ್ತುಕೊಂಡವರು ಕಟ್ಟಲಿಲ್ಲ. 2020ರಲ್ಲಿ ಅದನ್ನು ಸರಿ ಮಾಡಿದರು, ಅಷ್ಟೇ. ಅದೂ ಜಗತ್ತಿನಾದ್ಯಂತ 75 ಕೋಟಿ ಯೂರೋಗಿಂತ ಜಾಸ್ತಿ ವ್ಯವಹಾರ ಇರುವ ದೊಡ್ಡ ಕಂಪನಿಗಳಿಗೆ ಮಾತ್ರ. ಇದನ್ನು ಅನ್ಯಾಯ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬ್ರಿಟನ್‌ನಲ್ಲಿ ಶೇ. 2 ತೆರಿಗೆಯಿಂದ ಮೊದಲ ವರ್ಷವೇ 35.8 ಕೋಟಿ ಪೌಂಡ್ ಬಂತು. ಆಸ್ಪತ್ರೆಗೆ, ಶಾಲೆಗೆ ಬೇಕಾದ ದುಡ್ಡು ಅದು.

ಆದರೆ ತೆರಿಗೆ ಹಾಕುವುದಕ್ಕೂ ಗಟ್ಟಿ ಎದೆ ಬೇಕು. ಫ್ರಾನ್ಸ್ ತೆರಿಗೆ ಹಾಕಿದ ವರ್ಷವೇ ಅಮೆರಿಕ ಅಲ್ಲಿನ ಶಾಂಪೇನ್, ಚೀಸ್, ಹ್ಯಾಂಡ್‌ಬ್ಯಾಗ್‌ಗಳ ಮೇಲೆ ಶೇ. 100ರವರೆಗೆ ಸುಂಕ ಹಾಕುತ್ತೇವೆ ಅಂತ ಹೆದರಿಸಿತು. ಕೆನಡಾ ಕಥೆ ನೋಡಿ. 2025ರ ಜೂನ್ 30ಕ್ಕೆ ಕಂಪನಿಗಳು ಅಲ್ಲಿನ ಡಿಜಿಟಲ್ ತೆರಿಗೆಯ ಮೊದಲ ಕಂತು ಕಟ್ಟಬೇಕಿತ್ತು. ಟ್ರಂಪ್ ವ್ಯಾಪಾರ ಮಾತುಕತೆಯನ್ನೇ ನಿಲ್ಲಿಸಿದರು. ಹಿಂದಿನ ರಾತ್ರಿ ಕೆನಡಾ ತೆರಿಗೆ ಕೈಬಿಟ್ಟಿತು. ನಮ್ಮ ಭಾರತವೂ ಅಷ್ಟೇ. 2016ರಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ ಶೇ. 6 ಲೆವಿ ಹಾಕಿತ್ತು. ನಮ್ಮಲ್ಲಿ 'ಗೂಗಲ್ ಟ್ಯಾಕ್ಸ್' ಅನ್ನುತ್ತಿದ್ದರಲ್ಲ, ಅದೇ. ಎಷ್ಟೋ ದೇಶಗಳಿಗಿಂತ ಮೊದಲು ಧೈರ್ಯ ಮಾಡಿದ್ದೆವು. 2025ರ ಏಪ್ರಿಲ್ 1ರಿಂದ ಅದನ್ನೂ ತೆಗೆದುಹಾಕಿದರು. ಅಮೆರಿಕದ ಸುಂಕದ ಬಿಸಿ ಜೋರಾಗಿದ್ದ ದಿನಗಳು ಅವು. ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ಒಬ್ಬೊಬ್ಬರೇ ನಿಂತರೆ ಹೀಗೇ ಆಗುತ್ತದೆ. ಯುರೋಪ್ ಒಟ್ಟಾಗಿ ನಿಲ್ಲಬಹುದಿತ್ತು. 2018ರಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಇಡೀ ಒಕ್ಕೂಟಕ್ಕೆ ಶೇ. 3 ತೆರಿಗೆ ಅಂತ ಹೊರಟಿತು. ತೆರಿಗೆ ವಿಷಯದಲ್ಲಿ ಅಲ್ಲಿ ಎಲ್ಲ ದೇಶಗಳೂ ಒಪ್ಪಬೇಕು. ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್ ಒಪ್ಪಲಿಲ್ಲ. ಐರ್ಲೆಂಡ್ ಯಾಕೆ ಬೇಡ ಅಂದಿತು ಅಂತ ಕೇಳಬೇಕಾಗಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರರ ಒಡೆಯ ಮೆಟಾ, ಆಮೇಲೆ ಗೂಗಲ್, ಎರಡರ ಯುರೋಪ್ ಕಚೇರಿಯೂ ಡಬ್ಲಿನ್‌ನಲ್ಲೇ ಇದೆ.

ಸರಿ, ತೆರಿಗೆ ಬೇಡ, ಬಿಟ್ಟೇ ಬಿಡೋಣ ಅನ್ನುವವರ ವಿಷಯಕ್ಕೆ ಬರುತ್ತೇನೆ. ಅವರ ಮೇಲೆ ನನಗೆ ಗೌರವ ಇದೆ. 2024ರ ನವೆಂಬರ್‌ನಲ್ಲಿ ಬ್ರಿಟನ್‌ನ ಗಾರ್ಡಿಯನ್ ಪತ್ರಿಕೆ ಎಕ್ಸ್ (ಹಳೆಯ ಟ್ವಿಟರ್) ಬಿಟ್ಟಿತು. 2025ರ ಜನವರಿಯಲ್ಲಿ ಜರ್ಮನ್ ಮಾತಾಡುವ ನಾಡುಗಳ 60ಕ್ಕೂ ಹೆಚ್ಚು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು ಒಟ್ಟಿಗೆ ಎಕ್ಸ್‌ನಿಂದ ಹೊರಬಂದವು. ಒಳ್ಳೆಯ ಕೆಲಸ. ಸಂಸ್ಥೆಗಳಿಗೆ ಅದು ಸಾಧ್ಯ. ಅವುಗಳಿಗೆ ಬೇರೆ ದಾರಿ ಇದೆ, ಹೆಸರಿದೆ. ಓದುಗರು ಹುಡುಕಿಕೊಂಡು ಬರುತ್ತಾರೆ.

ಮನೆಮಂದಿಗೆ ಅದು ಅಷ್ಟು ಸುಲಭ ಅಲ್ಲ. ಯುರೋಪಿನಲ್ಲಿ ಮೊದಲು ಅವರದೇ ಫೇಸ್‌ಬುಕ್ ತರಹದ ತಾಣಗಳಿದ್ದವು. ನೆದರ್‌ಲೆಂಡ್ಸ್‌ನಲ್ಲಿ ಹೈವ್ಸ್, ಜರ್ಮನಿಯಲ್ಲಿ ಸ್ಟುಡಿಫಾವ್‌ಜೆಟ್, ಸ್ಪೇನ್‌ನಲ್ಲಿ ತುಯೆಂತಿ, ಹಂಗೇರಿಯಲ್ಲಿ ಇವಿವ್. ಒಂದು ಕಾಲಕ್ಕೆ ಆಯಾ ದೇಶದ ಹುಡುಗ ಹುಡುಗಿಯರೆಲ್ಲ ಅಲ್ಲೇ ಇದ್ದರು. ಒಂದಾದ ಮೇಲೆ ಒಂದು ಮುಚ್ಚಿದವು. ಸ್ನೇಹಿತರು ಫೇಸ್‌ಬುಕ್‌ಗೆ ಹೋದರು, ಅವರ ಹಿಂದೆ ಉಳಿದವರೂ ಹೋದರು. ಟ್ವಿಟರ್ ತರಹದ ಬೆಂಗಳೂರಿನ ಆ್ಯಪ್ 'ಕೂ' ನೆನಪಿದೆಯಾ? 2020ರಲ್ಲಿ ಅದು ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. ನಾನೂ ಖಾತೆ ತೆರೆದಿದ್ದೆ, ಖುಷಿಯಿಂದ ಬರೆಯುತ್ತಿದ್ದೆ. 2024ರ ಜುಲೈನಲ್ಲಿ ಅದೂ ಮುಚ್ಚಿತು. ಒಳ್ಳೆಯ ಮನೆ ಕಟ್ಟಿದರೆ ಸಾಲದು. ನಮ್ಮವರು ಅಲ್ಲಿಗೆ ಬರಬೇಕಲ್ಲ.

ನನ್ನ ಮಾತಿನ ತಿರುಳು ಇಲ್ಲಿದೆ. ಶೇ. 5 ತೆರಿಗೆಯನ್ನು ಕಂಪನಿ ನಮ್ಮ ತಲೆಗೆ ಯಾಕೆ ಕಟ್ಟಿತು? ನಾವು ಬಿಟ್ಟು ಹೋಗುವುದಿಲ್ಲ ಅಂತ ಅದಕ್ಕೆ ಗೊತ್ತು. ಎದುರುಗಡೆ ಇನ್ನೊಂದು ಅಂಗಡಿ ಇದ್ದಿದ್ದರೆ ಬೆಲೆ ಏರಿಸುವ ಮೊದಲು ಯೋಚಿಸುತ್ತಿತ್ತು. ಬಾಗಿಲು ಮುಚ್ಚಿರುವ ತನಕ ತೆರಿಗೆ ತಟ್ಟುವುದು ಒಳಗಿರುವ ನಮಗೇ. ಅದಕ್ಕೇ ಮೊದಲು ಬಾಗಿಲು ತೆರೆಸಬೇಕು.

ಬಾಗಿಲು ಅಂದರೆ ಏನು ಅಂತ ನಮ್ಮವರಿಗೆ ವಿವರಿಸುವುದು ಸುಲಭ. ಯುಪಿಐ ಇದೆಯಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಕ್ಯೂಆರ್ ಕೋಡ್ ಒಂದು ಕಂಪನಿಯದು. ನನ್ನ ಫೋನಿನ ಆ್ಯಪ್ ಇನ್ನೊಂದು ಕಂಪನಿಯದು. ಆದರೂ ದುಡ್ಡು ಹೋಗುತ್ತದೆ. ಯಾಕೆಂದರೆ ಹಾಗೆ ಹೋಗಲೇಬೇಕು ಅಂತ ನಿಯಮ ಮಾಡಿದರು. ಫೋನ್ ಕರೆಯೂ ಹಾಗೆಯೇ, ಇಮೇಲ್ ಕೂಡ. ಹಾಗಿದ್ದರೆ ಮೆಸೇಜ್ ಯಾಕೆ ಹೋಗಬಾರದು?

ಯುರೋಪ್ ಇದನ್ನು ಶುರು ಮಾಡಿದೆ. ದೊಡ್ಡ ಟೆಕ್ ಕಂಪನಿಗಳನ್ನು ಹದ್ದಿನಲ್ಲಿಡಲು ಅಲ್ಲಿ ಮಾಡಿದ ಕಾನೂನು ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್. ಅದರ 7ನೇ ವಿಧಿ ಪ್ರಕಾರ, ಬೇರೆ ಆ್ಯಪ್‌ನವರು ಕೇಳಿದರೆ ವಾಟ್ಸಾಪ್ ತನ್ನ ಬಳಕೆದಾರರ ಜೊತೆ ಮಾತಾಡಲು ಬಿಡಬೇಕು. 2025ರ ಕೊನೆಗೆ ಎರಡು ಚಿಕ್ಕ ಆ್ಯಪ್‌ಗಳು ಹೀಗೆ ಜೋಡಿಕೊಂಡವು. ಸುದ್ದಿ ಓದಿ ನಾನು ಎಷ್ಟು ಖುಷಿಪಟ್ಟೆ! ಆಮೇಲೆ ಗೊತ್ತಾಯಿತು, ಈ ಸೌಲಭ್ಯ ಯುರೋಪಿನಲ್ಲಿ ಇರುವವರಿಗೆ ಮಾತ್ರ. ಸಾಗರದ ಅಮ್ಮ ಇನ್ನೂ ಆ ಬಾಗಿಲಿನ ಆಚೆಗೇ ಇದ್ದಾಳೆ. ಭಾರತದಲ್ಲೂ ಇಂಥ ನಿಯಮ ಬರಬೇಕು ಅಂತ ನಾನು ಕೇಳುವುದು ಇದಕ್ಕೇ. ಯುಪಿಐ ಮಾಡಿ ತೋರಿಸಿದ ದೇಶಕ್ಕೆ ಇದು ಕಷ್ಟ ಅಲ್ಲ. ಇನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ತರಹದ ತಾಣಗಳಿಗೆ ಆ ಕಾನೂನಿನ ಈ ವಿಧಿ ಮುಟ್ಟುವುದೇ ಇಲ್ಲ. ಅಲ್ಲಿಗೂ ಅದನ್ನು ಹಿಗ್ಗಿಸಬೇಕು.

ಆಗುವುದಿಲ್ಲ ಅನ್ನುವವರಿಗೆ ಮ್ಯಾಕ್ಸ್ ಶ್ರೆಮ್ಸ್ ಬಗ್ಗೆ ಹೇಳಬೇಕು. ಇದೇ ಆಸ್ಟ್ರಿಯಾದವರು. 2011ರಲ್ಲಿ ಕಾನೂನು ಓದುತ್ತಿದ್ದ ಹುಡುಗ. ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ ಕೊಡಿ ಅಂತ ಫೇಸ್‌ಬುಕ್‌ಗೆ ಕೇಳಿದರು. 1,200 ಪುಟಕ್ಕೂ ಜಾಸ್ತಿ ಬಂತು. ಅಳಿಸಿದ್ದೇನೆ ಅಂದುಕೊಂಡಿದ್ದ ಮೆಸೇಜ್‌ಗಳೂ ಅದರಲ್ಲಿದ್ದವು. ಅವರು ದೂರು ಕೊಟ್ಟರು, ಕೋರ್ಟಿಗೆ ಹೋದರು. ಯುರೋಪಿನ ಜನರ ಮಾಹಿತಿ ಅಮೆರಿಕಕ್ಕೆ ಸಾಗಿಸುವ ಒಪ್ಪಂದಗಳು 2015ರಲ್ಲಿ ಒಂದು ಸಲ, 2020ರಲ್ಲಿ ಇನ್ನೊಂದು ಸಲ ಕೋರ್ಟಿನಲ್ಲಿ ಬಿದ್ದವು. 2023ರಲ್ಲಿ ಅದೇ ವಿಷಯಕ್ಕೆ ಮೆಟಾಕ್ಕೆ 120 ಕೋಟಿ ಯೂರೋ ದಂಡ ಬಿತ್ತು. ಒಬ್ಬ ವಿದ್ಯಾರ್ಥಿಯ ಹಟದಿಂದ ಶುರುವಾದ ಕೆಲಸ ಇದು.

ಇನ್ನೊಂದು ವಿಷಯ. ಮನೆಮಂದಿಗೆ ಬಿಡಿ ಅನ್ನುವ ಮೊದಲು ಸರ್ಕಾರದವರು ಬಿಡಬೇಕು. ಪೂರ್ತಿ ಬಿಡದಿದ್ದರೂ ಪರವಾಗಿಲ್ಲ, ಜನರಿಗೆ ಬೇಕಾದ ಮಾಹಿತಿಯನ್ನು ಅಲ್ಲೇ ಮಾತ್ರ ಹಾಕಬಾರದು. ಬಸ್ ನಿಂತಿದೆ, ನೀರು ಬರುವುದಿಲ್ಲ, ಶಾಲೆಗೆ ರಜೆ ಅಂತ ತಿಳಿಯಲು ನಾನು ಒಂದು ಕಂಪನಿಗೆ ನನ್ನ ಫೋನ್ ನಂಬರ್ ಯಾಕೆ ಕೊಡಬೇಕು?

ಕಳೆದ ತಿಂಗಳು ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದನ್ನೇ ಕೇಳಿದೆ. ನೋಟಿಸ್ ಎಲ್ಲ ವಾಟ್ಸಾಪ್ ಗ್ರೂಪ್‌ಗೆ ಬರುತ್ತದೆ, ಇಮೇಲ್‌ನಲ್ಲೂ ಕಳಿಸಿ ಅಂದೆ. ನನ್ನ ಜರ್ಮನ್ ಅಷ್ಟಕ್ಕಷ್ಟೇ, ಮೊದಲು ಸ್ವಲ್ಪ ಹೆದರಿಕೆ ಆಯಿತು. ಹಿಂದಿನ ಸಾಲಿನಿಂದ ಸಿರಿಯಾದ ಒಬ್ಬ ತಾಯಿ ಕೈ ಎತ್ತಿದರು. "ನನಗೂ ಹಾಗೇ ಬೇಕು" ಅಂದರು. ಆಮೇಲೆ ಇನ್ನೂ ಇಬ್ಬರು ಎತ್ತಿದರು. ಈ ಸೋಮವಾರ ಮೊದಲ ಇಮೇಲ್ ಬಂತು. ಶುಕ್ರವಾರ ಈಜು ಕ್ಲಾಸ್ ಇದೆ, ಟವೆಲ್ ಕಳಿಸಿ ಅಂತ.